ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಸರ್ವರ್‌ಗೆ ಡಿಸ್ಕ್ ಆರಿಸಿದ್ದು: ಒಂದು ಪ್ರಕರಣ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನ. ಈ ಪ್ರಕರಣ ಅಲ್ಲಿಯ ಒಂದು ಕೋಲ್ಡ್ ಸ್ಟೋರೇಜ್‌ನದ್ದು. ಅದೇ ಮನೆಯವರಿಗೆ ದಲಾಲಿ ಅಂಗಡಿಯೂ ಇದೆ. ಎರಡರ ಲೆಕ್ಕವೂ ಒಂದೇ ಸರ್ವರ್‌ನಲ್ಲಿ, ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ ಒಂದೇ ಡೇಟಾಬೇಸ್‌ನಲ್ಲಿ. ಬೇರೆ ದಿನ ಯಾರಿಗೂ ತಕರಾರು ಇರಲಿಲ್ಲ. ವ್ಯಾಪಾರದ ದಿನ ಟೆಂಡರ್ ಫಲಿತಾಂಶ ಬಂದು ತೂಕ ಶುರುವಾಯಿತು ಅಂದರೆ ಮುಗಿಯಿತು. ಚೀಲ ತೂಗಿ ಸೇವ್ ಒತ್ತಿದರೆ ಸ್ಕ್ರೀನ್ ಹಾಗೇ ನಿಂತುಬಿಡುತ್ತಿತ್ತು. ಹಮಾಲರು ಮುಂದಿನ ಚೀಲ ಹಿಡಿದು ಕಾಯಬೇಕು. ಅತ್ತ ರೈತರು ಲೆಕ್ಕದ ಪಟ್ಟಿಗಾಗಿ ಕಾಯಬೇಕು. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಲಾರಿ ಮಾಡಿಕೊಂಡು ಬಂದವರಿಗೆ ಹೊತ್ತು ಮುಳುಗುವ ಮೊದಲು ಹೊರಡಬೇಕು ಅಂತ ಇರುತ್ತದೆ ಅಲ್ವಾ? ಜಗಳ ಆಗದೇ ಇದ್ದದ್ದೇ ಹೆಚ್ಚು.

ಹುಬ್ಬಳ್ಳಿಯಲ್ಲಿದ್ದುಕೊಂಡು ಇಂಥ ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸಾಹುಕಾರರು ಸುತ್ತಿ ಬಳಸಿ ಮಾತಾಡುವವರಲ್ಲ. "ಮೂರು ಕೊಟೇಶನ್ ಬಂದಾವ್ರಿ ಸರ. ಯಾವ್ದು ತಗೊಳ್ಳೂಣು, ಅದೊಂದು ಹೇಳಿಬಿಡ್ರಿ" ಅಂದರು.

ಇದ್ದ ಸರ್ವರ್ ಹಳೆಯದು, ಆದರೆ ಕೆಟ್ಟದ್ದಲ್ಲ. ಟವರ್ ಮಾದರಿ, 32 ಜಿಬಿ ರ್ಯಾಮ್, 7200 ಆರ್‌ಪಿಎಂನ 2 ಟಿಬಿ ಹಾರ್ಡ್ ಡಿಸ್ಕ್ ಎರಡು. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವ ರೇಡ್ 1.

ಮೊದಲ ಕೊಟೇಶನ್‌ನಲ್ಲಿ 4 ಟಿಬಿಯ ನಾಲ್ಕು ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ಸೇರಿಸಿ ರೇಡ್ 5 ಮಾಡುವ ಲೆಕ್ಕ, ಅಂದರೆ ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಡೇಟಾ ಮರಳಿ ಪಡೆಯುವ ಜೋಡಣೆ. 12 ಟಿಬಿ ಜಾಗ ಸಿಗುತ್ತದೆ ಅನ್ನುವುದು ಅದರ ಹೆಗ್ಗಳಿಕೆ. ಎರಡನೆಯದು ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಬರುವ ಸೆಕೆಂಡ್ ಹ್ಯಾಂಡ್ ರ್ಯಾಕ್ ಸರ್ವರ್. 10,000 ಆರ್‌ಪಿಎಂನ, ಎಸ್ಎಎಸ್ ಎಂಬ ಸರ್ವರ್ ದರ್ಜೆಯ ಎಂಟು ಡಿಸ್ಕ್, ಜೊತೆಗೆ ಬ್ಯಾಟರಿ ಇರುವ ರೇಡ್ ಕಾರ್ಡ್. ಮೂರನೆಯದು ಹುಬ್ಬಳ್ಳಿಯದೇ ಒಂದು ಅಂಗಡಿಯದು. 1 ಟಿಬಿಯ ಎರಡು ಎನ್‌ವಿಎಂಇ ಎಸ್ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಬರೆಯುವ ಡಿಸ್ಕ್), ಗೇಮಿಂಗ್ ಕಂಪ್ಯೂಟರ್‌ಗೆ ಹಾಕುತ್ತಾರಲ್ಲ, ಆ ಥರದ್ದು. ಸೆಕೆಂಡಿಗೆ 3500 ಎಂಬಿ ಓದುತ್ತದೆ ಅಂತ ಡಬ್ಬಿಯ ಮೇಲೇ ದಪ್ಪಕ್ಷರದಲ್ಲಿ ಇರುತ್ತದೆ.

ಮೂರರಲ್ಲೂ ಟಿಬಿ ಇತ್ತು, ಎಂಬಿ ಇತ್ತು, ಬೆಲೆ ಇತ್ತು. ಒಂದು ಸಣ್ಣ ಬರಹ ಬಂದರೆ ಅದನ್ನು ಎಷ್ಟು ಹೊತ್ತಿನಲ್ಲಿ ಖಾತ್ರಿಯಾಗಿ ಉಳಿಸುತ್ತದೆ, ಅದೇ ಗಳಿಗೆಗೆ ಕರೆಂಟ್ ಹೋದರೆ ಏನಾಗುತ್ತದೆ, ಇವೆರಡು ಮಾತ್ರ ಯಾವುದರಲ್ಲೂ ಇರಲಿಲ್ಲ. ಡೇಟಾಬೇಸ್‌ಗೆ ಡಿಸ್ಕ್ ಕೊಳ್ಳುವಾಗ ನಾನು ಮೊದಲು ಕೇಳುವುದು ಇವೆರಡನ್ನೇ. ಟಿಬಿ ಆಮೇಲೆ.

ಎಲ್ಲಿ ನಿಲ್ಲುತ್ತಿತ್ತು

ಕೊಟೇಶನ್ ಪಕ್ಕಕ್ಕಿಟ್ಟು ಒಂದು ಗುರುವಾರ ಮಧ್ಯಾಹ್ನ ಸರ್ವರ್ ಮುಂದೆ ಕೂತೆ. ಲಿನಕ್ಸ್‌ನಲ್ಲಿ ಐಓಸ್ಟ್ಯಾಟ್ ಅಂತ ಒಂದು ಸಣ್ಣ ಸಾಧನ ಇದೆ, ಡಿಸ್ಕ್ ಏನು ಮಾಡುತ್ತಿದೆ ಅಂತ ತೋರಿಸುತ್ತದೆ. ಸಿಪಿಯು ಹೆಚ್ಚೂಕಡಿಮೆ ಸುಮ್ನೆ ಕೂತಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು ಬಿಜಿ. ಆದರೆ ಅಷ್ಟು ಬಿಜಿಯಾಗಿ ಅದು ಬರೆಯುತ್ತಿದ್ದದ್ದು ಸೆಕೆಂಡಿಗೆ ಕೆಲವೇ ಎಂಬಿ. ಎಂಬಿ ಲೆಕ್ಕದ ವೇಗ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಯಿತು.

ಕಾರಣ ಪೋಸ್ಟ್‌ಗ್ರೆಸ್ ಬರೆಯುವ ರೀತಿಯಲ್ಲಿದೆ. ಕಮಿಟ್ ಆದಾಗ, ಅಂದರೆ ಇದನ್ನು ಖಾಯಂ ಮಾಡು ಅಂದಾಗ, ಅದು ಬದಲಾವಣೆಯನ್ನು ಮೊದಲು ವಾಲ್ ಎಂಬ ಲಾಗ್‌ನಲ್ಲಿ ಸಾಲಾಗಿ ಬರೆದುಕೊಳ್ಳುತ್ತದೆ. ಆಮೇಲೆ ಎಫ್‌ಸಿಂಕ್ ಕರೆದು, ಇದು ಡಿಸ್ಕ್‌ನಲ್ಲಿ ನಿಜಕ್ಕೂ ಉಳಿಯಿತು ಅಂತ ಉತ್ತರ ಬರುವ ತನಕ ಕಾಯುತ್ತದೆ. ಮೂಲ ಟೇಬಲ್‌ಗಳನ್ನು ನಿಧಾನಕ್ಕೆ, ಆಗಾಗ ಬರುವ ಚೆಕ್‌ಪಾಯಿಂಟ್ ಎಂಬ ಹೊತ್ತಿಗೆ ಬರೆಯುತ್ತದೆ. ಇದನ್ನು ಹೇಳುತ್ತಿದ್ದಾಗ ಪಕ್ಕದಲ್ಲಿದ್ದ ಮುನೀಮರು, "ಅಂದ್ರ ದಿನದ ಕಿರ್ದಿ ಮೊದ್ಲು ಬರದು, ಆಮ್ಯಾಲೆ ಖತಾವಣಿಗೆ ಏರಿಸಿದಂಗ ಅಲ್ರೀ" ಅಂದರು. ಅಷ್ಟೇ ವಿಷಯ. ಕಿರ್ದಿ ಒದ್ದೆ ಆದರೆ ಖತಾವಣಿಗೆ ಅರ್ಥ ಇಲ್ಲ.

ಈಗ ಡಿಸ್ಕ್ ಲೆಕ್ಕ. 7200 ಆರ್‌ಪಿಎಂ ಅಂದರೆ ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಲಾಗ್‌ನ ಕೊನೆಗೆ ಒಂದು ಸಾಲು ಬರೆದು ಖಾತ್ರಿ ಮಾಡಿಕೊಂಡು, ಮುಂದಿನ ಸಾಲಿಗೆ ಅದೇ ಜಾಗ ಮತ್ತೆ ಹೆಡ್ ಕೆಳಗೆ ಬರಬೇಕು. ಹಾಗಾಗಿ ಒಬ್ಬನೇ ಒಂದರ ಹಿಂದೆ ಒಂದು ಕಮಿಟ್ ಮಾಡಿದರೆ ಸೆಕೆಂಡಿಗೆ 120 ದಾಟುವ ಹಾಗೇ ಇಲ್ಲ. ಮಧ್ಯೆ ಹೆಡ್ ಬೇರೆ ಕಡೆ ಓಡಬೇಕಾದರೆ ಇನ್ನೂ ಕಡಿಮೆ. ಯಾವ ಕಂಪನಿಯ ಡಿಸ್ಕ್ ತಂದರೂ ಈ ಮಿತಿ ತಪ್ಪುವುದಿಲ್ಲ.

ಹೆಡ್ ಬೇರೆ ಕಡೆ ಓಡಲು ಇಲ್ಲಿ ಕಾರಣ ಬೇಕಾದಷ್ಟಿತ್ತು. ಮೊದಲನೆಯದು ಸಾಫ್ಟ್‌ವೇರ್‌ನದ್ದೇ. ಒಂದು ಚೀಲ ಸೇವ್ ಮಾಡಿದರೆ ತೂಕ ಒಂದು ಕಮಿಟ್, ದಾಸ್ತಾನು ಒಂದು, ಲಾಟ್‌ನ ಮೊತ್ತ ಒಂದು, ಹೀಗೆ ಬಿಡಿಬಿಡಿಯಾಗಿ ಕಮಿಟ್ ಆಗುತ್ತಿದ್ದವು. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಎಲ್ಲ ಒಟ್ಟಿಗೇ ಉಳಿಯುವ ಒಂದು ಗಂಟಿನಲ್ಲಿ, ಕಟ್ಟಿದ್ದರೆ ಒಂದೇ ಸಲ ಕಾಯುವುದು ಸಾಕಿತ್ತು. ಎರಡನೆಯದು ಫೋಟೋ. ಡಬ್ಬಿ, ಕಡ್ಡಿ ಎಂದು ತಳಿವಾರು ಮಾಲಿನ ಫೋಟೋ, ತೂಕದ ಚೀಟಿಯ ಫೋಟೋ, ಎಲ್ಲವನ್ನೂ ಡೇಟಾಬೇಸ್ ಒಳಗೇ ತುಂಬಿದ್ದರು. ಸುಮಾರು 200 ಜಿಬಿ ಡೇಟಾಬೇಸ್‌ನಲ್ಲಿ ನಿಜವಾದ ಲೆಕ್ಕ 40 ಜಿಬಿಯೂ ಇರಲಿಲ್ಲ. ಒಂದೊಂದು ಫೋಟೋವೂ ಮೊದಲು ಲಾಗ್‌ಗೆ, ಆಮೇಲೆ ಟೇಬಲ್‌ಗೆ, ಎರಡು ಸಲ ಬರೆಯಲ್ಪಡುತ್ತಿತ್ತು. ಅದರ ಮೇಲೆ 5 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್. ಆ ಹೊತ್ತಿಗೆ ತೂಕದ ಕಾಂಟಾದವರು ಕೈ ಕಟ್ಟಿ ಕೂರುವುದೇ.

ಸಾಫ್ಟ್‌ವೇರ್ ಕೊಟ್ಟವರ ಕಡೆಯ ಹುಡುಗ ಒಬ್ಬ ಫೋನ್‌ನಲ್ಲಿ ಪುಕ್ಕಟೆ ಔಷಧ ಹೇಳಿದ. ಎಫ್‌ಸಿಂಕ್ ಆಫ್ ಮಾಡಿ, ಓಡುತ್ತದೆ ನೋಡಿ ಅಂದ. ಓಡುತ್ತದೆ, ನಿಜ. ಒಂದು ಸಲ ಕರೆಂಟ್ ಹೋಗುವ ತನಕ. ಆಮೇಲೆ ಡೇಟಾಬೇಸೇ ಹಾಳಾಗಬಹುದು. ಸಿಂಕ್ರೊನಸ್ ಕಮಿಟ್ ಆಫ್ ಮಾಡುವುದು, ಅಂದರೆ ಕಮಿಟ್ ಡಿಸ್ಕ್‌ನ ಉತ್ತರಕ್ಕೆ ಕಾಯದ ಹಾಗೆ ಮಾಡುವುದು, ಇದಕ್ಕಿಂತ ಮೇಲು. ಅದರಲ್ಲಿ ಡೇಟಾಬೇಸ್ ಹಾಳಾಗುವುದಿಲ್ಲ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೆಚ್ಚೆಂದರೆ ಕೊನೆಯ 600 ಮಿಲಿಸೆಕೆಂಡ್‌ನ ಕಮಿಟ್‌ಗಳು ಹೋಗಬಹುದು. ಎಷ್ಟೋ ಕಡೆ ನಾನೇ ಇದನ್ನು ಹಾಕಿಕೊಡುತ್ತೇನೆ. ಇಲ್ಲಿ ಬೇಡ ಅಂದೆ. ರೈತನ ಕೈಯಲ್ಲಿ ಅಚ್ಚಾದ ತೂಕದ ಚೀಟಿ ಇದ್ದು, ಸರ್ವರ್‌ನಲ್ಲಿ ಆ ಚೀಲವೇ ಇಲ್ಲ ಅಂದರೆ ದಲಾಲರ ಮಾತಿಗೆ ಏನು ಬೆಲೆ ಉಳಿಯುತ್ತದೆ?

ಮೂರು ಕೊಟೇಶನ್ ಗತಿ

ಮೊದಲನೆಯದನ್ನು ಬೇಗ ಮುಗಿಸಬಹುದು. 7200 ಆರ್‌ಪಿಎಂ ಡಿಸ್ಕ್ ಒಂದು ಸೆಕೆಂಡಿಗೆ ಸುಮಾರು 80 ಬಿಡಿ ಕೆಲಸ ಮಾಡುತ್ತದೆ ಅನ್ನಿ. ನಾಲ್ಕಕ್ಕೆ 320. ಆದರೆ ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಕೆಟ್ಟ ಡಿಸ್ಕ್‌ನ ಡೇಟಾ ಮರಳಿ ಕಟ್ಟಲು ಇಡುವ ತಾಳೆ ಲೆಕ್ಕ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ, ಹೀಗೆ ನಾಲ್ಕು ಕೆಲಸ. 320 ಭಾಗಿಸು 4, ಮತ್ತೆ 80. ನಾಲ್ಕು ಡಿಸ್ಕ್‌ಗೆ ದುಡ್ಡು ಕೊಟ್ಟು ಒಂದು ಡಿಸ್ಕ್‌ನ ಬರೆಯುವ ವೇಗ ಮನೆಗೆ ತರುವುದು. ಅದೇ ನಾಲ್ಕನ್ನು ಎರಡು ಕನ್ನಡಿ ಜೋಡಿಗಳ ರೇಡ್ 10 ಮಾಡಿದರೆ 160 ಆದರೂ ಸಿಗುತ್ತದೆ.

ಇನ್ನೊಂದು ಕೊಕ್ಕೆ ಇತ್ತು. ಕೊಟೇಶನ್‌ನಲ್ಲಿ ಬರೆದ ಮಾಡೆಲ್ ನಂಬರ್ ಹುಡುಕಿ ನೋಡಿದರೆ ಅದು ಎಸ್ಎಂಆರ್ ಡಿಸ್ಕ್. ಜಾಗ ಉಳಿಸಲು ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ ಪದ್ಧತಿ ಅದು. ಒಂದು ಟ್ರ್ಯಾಕ್ ಬದಲಾಯಿಸಬೇಕು ಅಂದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಸಿನಿಮಾ ತುಂಬಿಡಲು ಅಡ್ಡಿಯಿಲ್ಲ, ಡೇಟಾಬೇಸ್‌ಗೆ ಸುತರಾಂ ಬೇಡ. ಡಬ್ಬಿಯ ಮೇಲೆ ಇದನ್ನು ಬರೆಯುತ್ತಿರಲಿಲ್ಲ. 2020ರಲ್ಲಿ ದೊಡ್ಡ ಗಲಾಟೆ ಆದ ಮೇಲೆ ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಷಿಬಾ ಮೂವರೂ ಯಾವ ಮಾಡೆಲ್ ಎಸ್ಎಂಆರ್ ಅಂತ ಪಟ್ಟಿ ಹೊರಗೆ ಹಾಕಿದರು. ಹಾರ್ಡ್ ಡಿಸ್ಕ್ ಕೊಳ್ಳುವ ಮುಂಚೆ ಮಾಡೆಲ್ ನಂಬರ್ ನೋಡುವುದು ಕಡ್ಡಾಯ ಅಂತಲೇ ನಾನು ಹೇಳುತ್ತೇನೆ.

ಎರಡನೆಯ ಕೊಟೇಶನ್‌ಗೆ ನ್ಯಾಯ ಕೊಡಬೇಕು. ಹತ್ತು ಹದಿನೈದು ವರ್ಷದ ಹಿಂದಾದರೆ ನಾನೂ ಅದನ್ನೇ ಬರೆಯುತ್ತಿದ್ದೆನೇನೋ. ಅಲ್ಲಿ ಮುಖ್ಯ ಡಿಸ್ಕ್ ಅಲ್ಲ, ರೇಡ್ ಕಾರ್ಡ್. ಅದರ ಮೇಲೆ ಸ್ವಂತ ರ್ಯಾಮ್ ಇರುತ್ತದೆ, ಆ ರ್ಯಾಮ್‌ಗೆ ಬ್ಯಾಟರಿ ಇರುತ್ತದೆ. ಬರಹ ಬಂದ ಕೂಡಲೇ ರ್ಯಾಮ್‌ಗೆ ಹಾಕಿಕೊಂಡು ಆಯಿತು ಅನ್ನುತ್ತದೆ, ಡಿಸ್ಕ್‌ಗೆ ನಿಧಾನಕ್ಕೆ ಇಳಿಸುತ್ತದೆ. ಕರೆಂಟ್ ಹೋದರೆ ಬ್ಯಾಟರಿ ಕಾಯುತ್ತದೆ. ಇದಕ್ಕೆ ರೈಟ್ ಬ್ಯಾಕ್ ಅನ್ನುತ್ತಾರೆ. ತಿರುಗುವ ಡಿಸ್ಕ್‌ನಲ್ಲೂ ಕಮಿಟ್ ಜಿಗಿಯುವಂತೆ ಮಾಡುವ ಜಾಣತನ ಇದು.

ಸಮಸ್ಯೆ ಆ ಬ್ಯಾಟರಿಯದು. ಸೆಕೆಂಡ್ ಹ್ಯಾಂಡ್ ಸರ್ವರ್‌ನ ಬ್ಯಾಟರಿ ಎಷ್ಟು ವರ್ಷದ್ದೋ ಯಾರಿಗೆ ಗೊತ್ತು? ಬ್ಯಾಟರಿ ಸತ್ತರೆ ಕಾರ್ಡ್ ತಾನಾಗೇ ರೈಟ್ ಥ್ರೂಗೆ ಇಳಿಯುತ್ತದೆ, ಅಂದರೆ ಪ್ರತಿ ಬರಹಕ್ಕೂ ಡಿಸ್ಕ್‌ಗಾಗಿ ಕಾಯುತ್ತದೆ. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಸರ್ವರ್ ನಿಧಾನ, ಕಾರಣ ಯಾರಿಗೂ ತಿಳಿಯದು. ಆಗ ಯಾರಾದರೂ ಅವಸರದಲ್ಲಿ ಬ್ಯಾಟರಿ ಇಲ್ಲದೆಯೂ ರೈಟ್ ಬ್ಯಾಕ್ ಇರಲಿ ಅಂತ ಸೆಟ್ಟಿಂಗ್ ಬದಲಿಸಿದರೆ ಮುಂದಿನ ಪವರ್ ಕಟ್‌ಗೆ ಡೇಟಾ ಹೋಯಿತು. ಇದನ್ನೆಲ್ಲ ದಿನಾ ನೋಡುವ ಒಬ್ಬ ಮನುಷ್ಯ ಅಲ್ಲಿದ್ದರೆ ಆ ಸರ್ವರ್ ತಪ್ಪಲ್ಲ. ಬ್ಯಾಡಗಿಯ ಆ ಆಫೀಸಿನಲ್ಲಿ ಅಂಥವರಿಲ್ಲ. ಎಂಟು ಡಿಸ್ಕ್‌ನ ಶಾಖ, ಯುಪಿಎಸ್ ಮೇಲಿನ ಭಾರ, ಜೋರು ಫ್ಯಾನ್ ಸದ್ದು ಬೇರೆ.

ಮೂರನೆಯದೇ ಎಲ್ಲರಿಗೂ ಇಷ್ಟವಾದದ್ದು. ಹೊಸ ಮಾಲು, ವಾರಂಟಿ ಇದೆ, ಬೆಲೆ ಕಡಿಮೆ. ಅಂಗಡಿಯವರು ಒಂದನ್ನು ಪರೀಕ್ಷೆಗೆ ಕೊಟ್ಟರು. ಪೋಸ್ಟ್‌ಗ್ರೆಸ್ ಜೊತೆಗೇ ಪಿಜಿ ಟೆಸ್ಟ್ ಎಫ್‌ಸಿಂಕ್ ಎಂಬ ಪುಟ್ಟ ಪ್ರೋಗ್ರಾಂ ಬರುತ್ತದೆ. ಸೆಕೆಂಡಿಗೆ ಎಷ್ಟು ಸಲ ಬರೆದು ಖಾತ್ರಿ ಮಾಡಿಕೊಳ್ಳಬಹುದು ಅಂತ ಅಳೆಯುತ್ತದೆ, ಅಷ್ಟೇ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ನೂರರ ಆಸುಪಾಸು ಬಂತು. ಈ ಎನ್‌ವಿಎಂಇ ಕೆಲವು ನೂರು ಕೊಟ್ಟಿತು. 3500 ಎಂಬಿ ಅಂತ ಬರೆದುಕೊಂಡ ಡ್ರೈವ್‌ನಿಂದ ಇಷ್ಟೇನಾ ಅಂತ ಅಂಗಡಿಯವರಿಗೇ ಆಶ್ಚರ್ಯ.

ಅದು ಡ್ರೈವ್‌ನ ದೋಷ ಅಲ್ಲ, ಅದರ ಪ್ರಾಮಾಣಿಕತೆ. ಎಸ್ಎಸ್‌ಡಿ ಒಳಗೂ ಒಂದು ಕ್ಯಾಶ್, ಅಂದರೆ ತಾತ್ಕಾಲಿಕ ನೆನಪು, ಇರುತ್ತದೆ. ಮಾಮೂಲಿ ಕೆಲಸದಲ್ಲಿ ಅಲ್ಲಿಗೆ ಬರೆದು ಆಯಿತು ಅನ್ನುತ್ತದೆ. ಎಫ್‌ಸಿಂಕ್ ಬಂದಾಗ ಮಾತ್ರ ಕ್ಯಾಶ್ ಖಾಲಿ ಮಾಡಿ ಫ್ಲಾಶ್ ಚಿಪ್‌ಗೆ ಇಳಿಸಲೇಬೇಕು, ಏಕೆಂದರೆ ಕರೆಂಟ್ ಹೋದರೆ ಕ್ಯಾಶ್ ಉಳಿಯುವುದಿಲ್ಲ. ಚಿಪ್‌ಗೆ ಬರೆಯುವುದು ನಿಧಾನದ ಕೆಲಸ. ಎಂಟರ್‌ಪ್ರೈಸ್ ಎಸ್ಎಸ್‌ಡಿಯಲ್ಲಿ ಸಾಲಾಗಿ ಕೆಪಾಸಿಟರ್ ಇಟ್ಟಿರುತ್ತಾರೆ. ಕರೆಂಟ್ ಹೋದ ಮೇಲೂ ಕ್ಯಾಶ್‌ನಲ್ಲಿ ಇದ್ದದ್ದನ್ನು ಚಿಪ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ಇದೇ ಪವರ್ ಲಾಸ್ ಪ್ರೊಟೆಕ್ಷನ್, ಚಿಕ್ಕದಾಗಿ ಪಿಎಲ್‌ಪಿ. ಈ ಧೈರ್ಯ ಇರುವ ಡ್ರೈವ್ ಕ್ಯಾಶ್‌ಗೆ ಬಂದ ಕೂಡಲೇ ಆಯಿತು ಅನ್ನಬಹುದು. ಅಂದರೆ ರೇಡ್ ಕಾರ್ಡ್‌ನ ಬ್ಯಾಟರಿ ಮಾಡುತ್ತಿದ್ದ ಕೆಲಸವೇ ಡ್ರೈವ್ ಒಳಗೆ ಬಂದಿದೆ, ಬದಲಾಯಿಸುವ ಬ್ಯಾಟರಿಯ ರಗಳೆ ಇಲ್ಲದೆ. ಎರವಲು ತಂದ ಒಂದು ಪಿಎಲ್‌ಪಿ ಸಾಟಾ ಡ್ರೈವ್‌ಗೆ ಅದೇ ಪರೀಕ್ಷೆ ಹಚ್ಚಿದರೆ ಹಲವು ಸಾವಿರ ಬಂತು. ಸಾಟಾ ಅಂದರೆ ಡಿಸ್ಕ್ ಜೋಡಿಸುವ ಹಳೆಯ ಪದ್ಧತಿ, ಎಂಬಿ ಲೆಕ್ಕದಲ್ಲಿ 550ರ ಸುತ್ತ ನಿಲ್ಲುವ ಬಡಪಾಯಿ. ಆದರೂ ನಮ್ಮ ಕೆಲಸದಲ್ಲಿ ಅದೇ ಮುಂದೆ.

ಇಲ್ಲಿ ಒಂದು ಎಚ್ಚರಿಕೆ. ಎಫ್‌ಸಿಂಕ್ ಸಂಖ್ಯೆ ದೊಡ್ಡದು ಬಂತು ಅಂತ ಖುಷಿಪಡುವ ಹಾಗಿಲ್ಲ. ನಮ್ಮಲ್ಲಿ ಬಿದ್ದಿದ್ದ ಒಂದು ಅಗ್ಗದ ಎಸ್ಎಸ್‌ಡಿ ಪಿಎಲ್‌ಪಿ ಇಲ್ಲದೆಯೂ ಸಾವಿರಗಟ್ಟಲೆ ತೋರಿಸಿತು. ಅನುಮಾನ ಬಂದು ಡಿಸ್ಕ್‌ಚೆಕರ್ ಎಂಬ ಹಳೆಯ ಪರ್ಲ್ ಸ್ಕ್ರಿಪ್ಟ್ ಓಡಿಸಿದೆವು. ಒಂದು ಕಂಪ್ಯೂಟರ್ ಬರೆಯುತ್ತಾ, ಯಾವುದು ಖಾತ್ರಿಯಾಯಿತು ಅಂತ ನೆಟ್‌ವರ್ಕ್ ಮೇಲೆ ಇನ್ನೊಂದಕ್ಕೆ ಹೇಳುತ್ತಿರುತ್ತದೆ. ಮಧ್ಯೆ ಮೊದಲನೆಯದರ ವೈರ್ ಕಿತ್ತುಬಿಡುವುದು. ಮತ್ತೆ ಆನ್ ಮಾಡಿ ತಾಳೆ ನೋಡುವುದು. ಆ ಅಗ್ಗದ ಡ್ರೈವ್ ಉಳಿಸಿದ್ದೇನೆ ಅಂತ ಹೇಳಿದ್ದರಲ್ಲಿ ಕೆಲವು ಇರಲೇ ಇಲ್ಲ. ಗೇಮಿಂಗ್ ಎನ್‌ವಿಎಂಇ ಪಾಸ್. ಪಿಎಲ್‌ಪಿ ಡ್ರೈವೂ ಪಾಸ್. ಇದು ನಮ್ಮೊಬ್ಬರ ಅನುಭವ ಅಲ್ಲ. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್‌ನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರೆಂಟ್ ತೆಗೆದು ನೋಡಿದ 15 ಎಸ್ಎಸ್‌ಡಿಗಳಲ್ಲಿ 13 ಒಂದಲ್ಲ ಒಂದು ರೀತಿ ಎಡವಿದ್ದವು. ಕೆಲವು ಗ್ರಾಹಕ ಡ್ರೈವ್‌ಗಳ ಜಾಹೀರಾತಿನಲ್ಲೂ ಪವರ್ ಲಾಸ್ ಪದ ಇರುತ್ತದೆ. ಓದಿ ನೋಡಿದರೆ ಅದು ಮೊದಲೇ ಬರೆದದ್ದನ್ನು ಕಾಯುವ ಮಾತು, ಕ್ಯಾಶ್‌ನಲ್ಲಿ ಇದ್ದದ್ದನ್ನಲ್ಲ.

ಯುಪಿಎಸ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಸಾಹುಕಾರರ ಮಗ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಅದೇ ಲೈನ್ ಮೇಲೆ ಕೋಲ್ಡ್ ಸ್ಟೋರೇಜ್‌ನ ಕಂಪ್ರೆಸರ್‌ಗಳಿವೆ, ಜನರೇಟರ್ ಅದಲುಬದಲು ಇದೆ, ಯುಪಿಎಸ್ ಬ್ಯಾಟರಿ ಹಳತಾಗಿದೆ. ಸರ್ವರ್ ಒಳಗಿನ ಪವರ್ ಸಪ್ಲೈ ಸುಟ್ಟರೆ ಯುಪಿಎಸ್ ಏನೂ ಮಾಡಲಾರದು. ಕಸ ಗುಡಿಸುವಾಗ ವೈರ್ ಕಿತ್ತರೂ ಅಷ್ಟೇ.

ಕೊನೆಗೆ ಕೊಂಡದ್ದು

ಪಿಎಲ್‌ಪಿ ಇರುವ 480 ಜಿಬಿಯ ಎಂಟರ್‌ಪ್ರೈಸ್ ಸಾಟಾ ಎಸ್ಎಸ್‌ಡಿ, ಮೂರು. ಎರಡು ಸರ್ವರ್‌ನಲ್ಲಿ ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಡ್ 1 ಆಗಿ, ಒಂದು ಬ್ಯಾಡಗಿಯ ಆಫೀಸಿನ ಕಪಾಟಿನಲ್ಲಿ. ಸರ್ವರ್ ಹಳೆಯದೇ ಉಳಿಯಿತು.

960 ಜಿಬಿಯ ಎರಡು ಯಾಕಲ್ಲ ಅಂದರೆ, ಫೋಟೋ ಹೊರಗೆ ಹಾಕಿದ ಮೇಲೆ ಡೇಟಾಬೇಸ್ 40 ಜಿಬಿ. ಬೆಳೆದು ಮೂರು ಪಟ್ಟಾದರೂ ಜಾಗ ಉಳಿಯುತ್ತದೆ. ಆ ದುಡ್ಡಿಗೆ ಕೈಯಲ್ಲೊಂದು ಸ್ಪೇರ್ ಇರುವುದು ಮೇಲು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಗೇಮಿಂಗ್ ಎಸ್ಎಸ್‌ಡಿ ಬೇಕಾದಷ್ಟು ಸಿಗುತ್ತದೆ, ಈ ಮಾಲು ಆರ್ಡರ್ ಕೊಟ್ಟು ಬೆಂಗಳೂರಿನಿಂದ ತರಿಸಬೇಕು. ಸೀಜನ್ ನಡುವೆ ಒಂದು ಡ್ರೈವ್ ಹೋದರೆ ಕೊರಿಯರ್ ಕಾಯುತ್ತಾ ಒಂಟಿ ಡ್ರೈವ್ ಮೇಲೆ ಗುರುವಾರದ ವ್ಯಾಪಾರ ನಡೆಸುವ ಧೈರ್ಯ ನನಗಿಲ್ಲ.

ಎಸ್ಎಸ್‌ಡಿ ಸವೆಯುತ್ತದಂತಲ್ಲ ಅನ್ನುವ ಭಯ ಎಲ್ಲರಿಗೂ ಇದೆ. ಲೆಕ್ಕ ಹಾಕಿ ತೋರಿಸಿದೆ. ದಿನಕ್ಕೊಮ್ಮೆ ಪೂರ್ತಿ ಡ್ರೈವ್ ಬರೆದರೂ 5 ವರ್ಷ ತಡೆಯುತ್ತದೆ ಅನ್ನುವ ದರ್ಜೆಯದು ಇದು. 480 ಜಿಬಿಗೆ ಅದು 876 ಟಿಬಿ ಆಗುತ್ತದೆ. ಅಲ್ಲಿಯ ಬರಹ ದಿನಕ್ಕೆ ಸರಾಸರಿ 20 ಜಿಬಿ ಅಂದುಕೊಂಡು, ಡ್ರೈವ್ ಒಳಗಿನ ಎತ್ತಿಹಾಕುವ ಕೆಲಸಕ್ಕೆ ಐದು ಪಟ್ಟು ಮಾಡಿದರೂ ದಿನಕ್ಕೆ 100 ಜಿಬಿ, ವರ್ಷಕ್ಕೆ 36.5 ಟಿಬಿ. 24 ವರ್ಷ ಬೇಕು ಸವೆಸಲು. ದಿನಕ್ಕೆ ಮೂರು ಸಲ ಬರೆಯುವ ದುಬಾರಿ ದರ್ಜೆ ನಮಗೆ ಸುಮ್ನೆ ಖರ್ಚು.

ಮೂರೂ ಒಂದೇ ಕಂಪನಿಯದಾಗಬಾರದು ಅಂತ ಹಟ ಹಿಡಿದು ಬೇರೆ ಬೇರೆ ತರಿಸಿದೆ. ಕನ್ನಡಿ ಜೋಡಿಯ ಎರಡೂ ಒಂದೇ ಬ್ಯಾಚ್‌ನವಾದರೆ ಒಂದೇ ರೋಗಕ್ಕೆ ಒಟ್ಟಿಗೇ ಬಲಿಯಾಗಬಹುದು. 2019ರಲ್ಲಿ ಎಚ್‌ಪಿಇ ಕಂಪನಿಯೇ ಒಂದು ಪ್ರಕಟಣೆ ಕೊಟ್ಟಿತ್ತು. ಕೆಲವು ಎಸ್ಎಎಸ್ ಎಸ್ಎಸ್‌ಡಿಗಳ ಫರ್ಮ್‌ವೇರ್ (ಡ್ರೈವ್ ಒಳಗಿನ ತಂತ್ರಾಂಶ) ದೋಷದಿಂದ, ಸರಿಯಾಗಿ 32,768 ಗಂಟೆ ಓಡಿದ ಮೇಲೆ ಅವು ನಿಂತುಹೋಗುತ್ತಿದ್ದವು. ಒಂದೇ ದಿನ ಹಾಕಿದ ಎರಡು ಡ್ರೈವ್ ಒಂದೇ ಗಂಟೆಗೆ ಹೋದರೆ ರೇಡ್ ಯಾವ ಕೆಲಸಕ್ಕೆ?

ಹಳೆಯ ಹಾರ್ಡ್ ಡಿಸ್ಕ್ ಜೋಡಿಯನ್ನು ಎಸೆಯಲಿಲ್ಲ. ಫೋಟೋಗಳೆಲ್ಲ ಸಾದಾ ಫೈಲ್ ಆಗಿ ಅಲ್ಲಿಗೆ ಹೋದವು, ಡೇಟಾಬೇಸ್‌ನಲ್ಲಿ ಫೈಲ್‌ನ ವಿಳಾಸ ಮಾತ್ರ. ದಿನದ ಬ್ಯಾಕಪ್‌ನ ಒಂದು ಪ್ರತಿ ಅಲ್ಲೇ, ಇನ್ನೊಂದು ಪ್ರತಿ ರಾತ್ರಿ ಬ್ಯಾಡಗಿಯಿಂದ ಹೊರಗೆ ಹೋಗುತ್ತದೆ. ಯಾರಾದರೂ ತಪ್ಪಿ ಒಂದು ಲಾಟ್ ಅಳಿಸಿದರೆ ರೇಡ್ ಎರಡೂ ಡಿಸ್ಕ್‌ನಲ್ಲಿ ಶಿಸ್ತಾಗಿ ಅಳಿಸುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಮುಟ್ಟಿದ್ದು ಕಡಿಮೆ. ಅಲ್ಲಲ್ಲಿ ಹುಡುಕಿ ಓದುವುದು ಎಷ್ಟು ದುಬಾರಿ ಅಂತ ಹೇಳುವ ರ್ಯಾಂಡಮ್ ಪೇಜ್ ಕಾಸ್ಟ್ ಎಂಬ ಸೆಟ್ಟಿಂಗ್ ಮಾಮೂಲಿಯಾಗಿ 4 ಇರುತ್ತದೆ, ಅದು ತಿರುಗುವ ಡಿಸ್ಕ್ ಕಾಲದ್ದು. 1.1 ಮಾಡಿದೆ. ಚೆಕ್‌ಪಾಯಿಂಟ್ 5 ನಿಮಿಷದಿಂದ 15ಕ್ಕೆ, ವಾಲ್ ಗಾತ್ರದ ಮಿತಿ 1 ಜಿಬಿಯಿಂದ ಮೇಲಕ್ಕೆ. ವಾಲ್‌ಗೆ ಬೇರೆ ಡಿಸ್ಕ್ ಕೊಡುವ ಹಳೆಯ ಪದ್ಧತಿ ಇಲ್ಲಿ ಬೇಕಾಗಲಿಲ್ಲ.

ಉಳಿದದ್ದು ಧೂಳು. ಸರ್ವರ್ ಇದ್ದ ಕೋಣೆ ಮೆಣಸಿನಕಾಯಿ ಹಸನು ಮಾಡುವ ಜಾಗದ ಪಕ್ಕದಲ್ಲೇ. ಕವರ್ ತೆಗೆದರೆ ಫ್ಯಾನ್ ತುಂಬ ಕೆಂಪು ಪುಡಿ, ಸೀನಿ ಸೀನಿ ಸಾಕಾಯಿತು. "ಚೇಂಬರ್‌ನ್ಯಾಗ ಇಟ್ಟರ ಹೆಂಗ್ರೀ ಸರ, ತಂಪೂ ಇರ್ತೈತಿ" ಅಂದರು ಸಾಹುಕಾರರು. ಅರ್ಧ ತಮಾಷೆ, ಅರ್ಧ ನಿಜ. ಚೇಂಬರ್ ಬಾಗಿಲು ತೆರೆದಾಗಲೆಲ್ಲ ಹೊರಗಿನ ಬಿಸಿ ಗಾಳಿ ಒಳಗೆ ಬಂದು ತಂಪು ಲೋಹದ ಮೇಲೆ ನೀರು ಕೂರುತ್ತದೆ, ಬೋರ್ಡ್ ಉಳಿಯುವುದಿಲ್ಲ ಅಂದೆ. ಕೊನೆಗೆ ಮೇಲಿನ ಮಹಡಿಯ ಲೆಕ್ಕದ ಕೋಣೆಗೆ ಸಾಗಿಸಿದೆವು. ಅಲ್ಲಿ ಎಸಿ ಇದೆ, ಕಿಟಕಿ ಮುಚ್ಚಿರುತ್ತದೆ.

ಮುಂದಿನ ವ್ಯಾಪಾರದ ದಿನಗಳಲ್ಲಿ ತೂಕದ ಕಾಂಟಾದಿಂದ ತಕರಾರು ನಿಂತಿತು. ಸೇವ್ ಒತ್ತಿದ ಕೂಡಲೇ ಚೀಟಿ ಬರುತ್ತದೆ, ಈಗ ತಡವಾಗುವುದು ಪ್ರಿಂಟರ್‌ನಿಂದ. ಬಿಡಿಬಿಡಿ ಕಮಿಟ್‌ಗಳನ್ನು ಒಂದು ಟ್ರಾನ್ಸಾಕ್ಷನ್ ಮಾಡಿಕೊಡಿ ಅಂತ ಸಾಫ್ಟ್‌ವೇರ್‌ನವರನ್ನು ಕೇಳಿದ್ದೆವು. ಡಿಸ್ಕ್ ಬದಲಾದ ಮೇಲೆ ಅವಸರ ಇಲ್ಲ ಅಂತ ಅವರು ತಡ ಮಾಡಿ, ಆಮೇಲೆ ಮಾಡಿಕೊಟ್ಟರು. ನನ್ನ ಪ್ರಕಾರ ಅದು ವೇಗಕ್ಕಿಂತ ಹೆಚ್ಚಾಗಿ ಲೆಕ್ಕದ ಸುರಕ್ಷತೆಗೆ ಬೇಕಿತ್ತು. ತೂಕ ಉಳಿದು ದಾಸ್ತಾನು ಉಳಿಯದಿದ್ದರೆ ಯಾವ ಡಿಸ್ಕ್ ಏನು ಮಾಡೀತು?

ವರ್ಷಾಂತ್ಯದ ದಾಸ್ತಾನು ರಿಪೋರ್ಟ್ ಮಾತ್ರ ಇನ್ನೂ ನಿಧಾನ. ಡಿಸ್ಕ್ ಬದಲಿಸಿದರೂ ಅದು ಹೆಚ್ಚೇನೂ ಓಡಲಿಲ್ಲ. ನೋಡಿದರೆ ಅದರ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಎಲ್ಲ ವರ್ಷಗಳ ಎಲ್ಲ ಚೀಲಗಳನ್ನೂ ರ್ಯಾಮ್‌ನಲ್ಲೇ ಮತ್ತೆ ಮತ್ತೆ ತಿರುವಿ ಹಾಕುತ್ತಿದೆ, ಡಿಸ್ಕ್ ಕಡೆ ತಿರುಗಿಯೂ ನೋಡುತ್ತಿಲ್ಲ. ಆ ಕ್ವೆರಿಯನ್ನೂ, ಅದಕ್ಕೆ ಬೇಕಾದ ಇಂಡೆಕ್ಸ್ ಹೆಸರನ್ನೂ ಬರೆದು ಸಾಫ್ಟ್‌ವೇರ್‌ನವರಿಗೆ ಕಳಿಸಿದ್ದೇನೆ.